ಗಡಿಯಾರದ ಎದೆಬಡಿತ

ಸ್ವಾಮಿಯ ಕೃಪೆಯಿಂದ ದಿನವೂ ಭಜನೆ ನಡೆಯುತ್ತಿದ್ದ ಮಂದಿರವೊಂದರ ಗೋಡೆಯ ಮೇಲೆ ಲೋಲಕದ ಗಡಿಯಾರವಿತ್ತು. ಹಾಡು ಶುರುವಾದರೆ ಸಾಕು, ಎದುರಿಗಿದ್ದ ನಂದಾದೀಪ ಮೈಮರೆತುಬಿಡುತ್ತಿತ್ತು. ಗಡಿಯಾರ ಮಾತ್ರ ಅದನ್ನೇ ನೋಡುತ್ತಾ, ಎಚ್ಚರವಾಗಿಯೇ ಉಳಿದು ಕೊರಗುತ್ತಿತ್ತು.

"ದೀಪಕ್ಕಾ, ಆ ಸುಖ ನನಗೇಕೆ ಸಿಗುವುದಿಲ್ಲ?" ಎಂದು ಒಂದು ಸಂಜೆ ಕೇಳಿತು.

"ನನ್ನ ಎದೆ ಹಾಡುವವರ ಉಸಿರಿನ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ನಿನ್ನದೋ, ದೇವರೇ ಎದುರು ಬಂದು ನಿಂತರೂ ಒಂದೇ ಸಮ ಬಡಿಯುವ ಎದೆ! ಸ್ವಲ್ಪ ಸಡಿಲ ಬಿಡು ಮಾರಾಯ" ಎಂದು ದೀಪ ನಕ್ಕಿತು.

ಅಂದು ಹಾಡು ಏರಿದಾಗ ಗಡಿಯಾರ ಭಗವಂತನನ್ನು ನೆನೆದು, ಕಷ್ಟಪಟ್ಟು ಒಂದು ಬಡಿತವನ್ನು ತಡೆಹಿಡಿಯಿತು. ಮೈಮರವೆ ಬರಲಿಲ್ಲ. ಬದಲಿಗೆ ದೀಪವೇ ಬೆಚ್ಚಿಬಿದ್ದು ಎಚ್ಚೆತ್ತಿತು.

"ಏನಾಯಿತೋ ನಿನಗೆ? ಯಾಕೆ ಸುಮ್ಮನಾದೆ? ನಿನ್ನ ಸದ್ದು ಕೇಳುತ್ತಿದ್ದರೆ ತಾನೇ ನಾನು ಹೆದರದೆ ನನ್ನನ್ನು ಮರೆಯುವುದು!"

ಗಡಿಯಾರ ಮತ್ತೆ ಬಡಿಯತೊಡಗಿತು. ದೀಪ ಮತ್ತೆ ಮೈಮರೆಯಿತು. "ತಂದೆ, ಇದು ನೀನು ಕೊಟ್ಟ ಎದೆ, ಒಪ್ಪಿಕೊಂಡೆ. ಮುಂದಿನ ಜನ್ಮದಲ್ಲಾದರೂ ನನ್ನನ್ನು ಬತ್ತಿಯಾಗಿಸು" ಎಂದು ಬೇಡಿಕೊಂಡ ಗಡಿಯಾರ, ಮಂಗಳಾರತಿ ಮುಗಿಯುವವರೆಗೂ ಒಂದು ಬಡಿತವನ್ನೂ ತಪ್ಪಿಸಲಿಲ್ಲ.