ಎರಡು ತಗಡುಗಳು ಕುಲುಮೆಗೆ ಹೋದದ್ದು

ಒಂದೇ ಎರಕದಲ್ಲಿ ಹುಟ್ಟಿದ ಸ್ಟೀಲ್ ತಗಡುಗಳೆರಡು ಅಕ್ಕತಂಗಿಯರಂತೆ ಜೊತೆಯಾಗಿ ಕುಲುಮೆ ಸೇರಿದವು. ಲೋಹದ ಮೈಯೆಲ್ಲ ಹರಳುಗಳ ಜೋಡಣೆ; ಅಕ್ಕನ ಹರಳುಗಳು ದಪ್ಪ, ತಂಗಿಯವು ಸಣ್ಣ.

“ತಂಗಿ, ನಿನ್ನ ಮೈತುಂಬ ಹರಳುಗಳ ನಡುವಿನ ಸಂದುಗಳೇ. ಈ ಉರಿಯನ್ನು ಹೇಗೆ ತಾಳುವೆ?” ಎಂದು ಅಕ್ಕ ಮರುಗಿದಳು.

“ಸಂದುಗಳಲ್ಲ ಅಕ್ಕ, ಓಣಿಗಳು. ಒಳಗಿನ ಕ್ರೋಮಿಯಂ ಓಡಾಡುವುದು ಅವುಗಳಲ್ಲೇ,” ಎಂದಳು ತಂಗಿ.

ಅಕ್ಕ ನಕ್ಕಳು.

ಕುಲುಮೆ ಕೆಂಪಾಯಿತು. ತಂಗಿಯ ಕ್ರೋಮಿಯಂ ಬೇಗಬೇಗ ಮೇಲೆ ಬಂದು, ತೆಳ್ಳನೆಯ ಗಟ್ಟಿ ಪದರವಾಗಿ ಅವಳ ಮೈಯನ್ನು ಕಾಯಿತು. ಅಕ್ಕನೂ ತನ್ನ ಕ್ರೋಮಿಯಂ ಅನ್ನು ಕೂಗಿ ಕರೆದಳು. ದಪ್ಪ ಹರಳುಗಳನ್ನು ದಾಟಿ ಅದು ಬರುವಷ್ಟರಲ್ಲಿ ಬಿಸಿಗಾಳಿ ಕಬ್ಬಿಣಕ್ಕೆ ಬಾಯಿ ಹಾಕಿತ್ತು. ಮೈ ಚಕ್ಕೆಚಕ್ಕೆಯಾಗಿ ಉದುರತೊಡಗಿತು.

“ನನ್ನೊಳಗೂ ನಿನ್ನಷ್ಟೇ ಕ್ರೋಮಿಯಂ ಇತ್ತಲ್ಲೇ!” ಎಂದಳು ಅಕ್ಕ.

“ಇತ್ತು ಅಕ್ಕ,” ಎಂದಳು ತಂಗಿ ಮೆಲ್ಲಗೆ, “ಹೊತ್ತಿಗೆ ಬರಲು ಅದಕ್ಕೆ ದಾರಿ ಸಾಲಲಿಲ್ಲ.”