ಮಡುವಿಗೆ ಹಾಕಿದ ಕಟ್ಟಳೆ

ಆಶ್ರಮದ ಮುಂದೆ ಹೊಳೆ. ಹೊಳೆಯಲ್ಲೊಂದು ಬಂಡೆ, ಬಂಡೆಯ ಬುಡದಲ್ಲಿ ಮಡು. ಸೆಕೆಗಾಲದ ಮಧ್ಯಾಹ್ನ ಶಿಷ್ಯರೆಲ್ಲ ಅಲ್ಲಿಂದ ಧುಮುಕುವರು. ಒಳ್ಳೆಯ ಈಜುಗಾರನಾದ ತಿಮ್ಮಣ್ಣ ಮಾತ್ರ ಹಗ್ಗ ಹಿಡಿದು, ನೀರಿನ ಮೇಲೆ ಕಣ್ಣಿಟ್ಟು ದಡದಲ್ಲಿ ಕೂರುವನು. ಅದು ಮೊದಲಿಂದ ಬಂದ ಪದ್ಧತಿ.

ಗುರುಗಳು ಸಂಚಾರ ಹೊರಟಾಗ ಆಶ್ರಮವನ್ನು ಹಿರಿಯ ಶಿಷ್ಯ ತ್ರಿಯಂಬಕನಿಗೆ ಒಪ್ಪಿಸಿದರು. ಅದೇ ವಾರ ಅವನ ತಮ್ಮ ಶಂಭು ಬಂಡೆಯಿಂದ ಹಾರಿ ಹಣೆ ಒಡೆದುಕೊಂಡ. ತ್ರಿಯಂಬಕ ಹೆದರಿ, ಇನ್ನು ಮೇಲೆ ಹೊಳೆಗೆ ಧುಮುಕಿದವರಿಗೆ ಮೂರು ದಿನ ಊಟವಿಲ್ಲ ಎಂದು ಕಟ್ಟಳೆ ಮಾಡಿದ.

ಎರಡು ತಿಂಗಳ ಮೇಲೆ ಗುರುಗಳು ಬಂದರು.

“ಒಬ್ಬನೂ ಧುಮುಕಿಲ್ಲ, ಗುರುಗಳೇ,” ಎಂದ ತ್ರಿಯಂಬಕ. ಹೇಳುವಾಗ ಅವನ ಎದೆ ಉಬ್ಬಿತ್ತು.

“ಎಲ್ಲಿ ಅವರೆಲ್ಲ?”

“ಸೌದೆಗೆ ಹೋಗಿದ್ದಾರೆ. ಈಗೀಗ ನಾನು ಹೇಳದೆಯೇ ದಿನಾ ಹೋಗುತ್ತಾರೆ.”

ಗುರುಗಳು ಜಗಲಿಯ ಮೂಲೆ ನೋಡಿದರು. ಕೊಡಲಿಗಳೆಲ್ಲ ಅಲ್ಲೇ ಒರಗಿದ್ದವು.

“ನಡಿಯಪ್ಪ, ನೋಡಿ ಬರೋಣ,” ಎಂದರು.

ಹೊಳೆ ತಿರುಗುವಲ್ಲಿ ಮತ್ತಿಮರದ ಮೇಲಿಂದ ಯಾರೋ ಸಿಳ್ಳೆ ಹಾಕಿದರು. ಮುಂದೆ ಹೋದರೆ ಪೊದೆ, ಕೆಸರು, ಕಪ್ಪು ನೀರು. ನರಪಿಳ್ಳೆಯೂ ಇಲ್ಲ. ಪೊದೆಯ ಮೇಲೆ ಒಣ ಪಂಚೆಗಳು ಮಾತ್ರ ಇದ್ದವು.

ತ್ರಿಯಂಬಕ ಬಾಯಿ ತೆರೆದು ನಿಂತ. ಅವನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದ್ದರು.

ಉಸಿರು ಬಿಗಿಹಿಡಿಯಲಾರದೆ ನೀರಿನಿಂದ ಒಂದು ತಲೆ ಎದ್ದಿತು. ಆಮೇಲೆ ಇನ್ನೊಂದು. ಕೊನೆಗೆ ಐದಾದವು.

“ಪಂಚೆ ಆರು ಇವೆಯಲ್ಲಪ್ಪ,” ಎಂದರು ಗುರುಗಳು.

ಆರನೆಯದು ಶಂಭುವಿನದು. ಅದರ ಹರಿದ ಅಂಚನ್ನು ತ್ರಿಯಂಬಕನೇ ಹೊಲಿದಿದ್ದ. ಅವನು ಉಟ್ಟ ಬಟ್ಟೆಯಲ್ಲೇ ನೀರಿಗೆ ಹಾರಿದ.

ತಳದ ಬೇರಿಗೆ ಸಿಕ್ಕಿಕೊಂಡಿದ್ದ ತಮ್ಮನನ್ನು ಎಳೆದು ತಂದು ದಡದಲ್ಲಿ ಮಗ್ಗುಲಾಗಿ ಮಲಗಿಸಿದ. ಸ್ವಲ್ಪ ಹೊತ್ತಿನ ಮೇಲೆ ಶಂಭು ನೀರು ಕಕ್ಕಿದ, ಕೆಮ್ಮಿದ.

“ಸಿಳ್ಳೆ ಕೇಳಿ ಮುಳುಗಿದೆ ಅಣ್ಣಾ,” ಎಂದ. “ನೀನು ಹೋಗೋವರೆಗೂ ಒಳಗೇ ಇರೋಣ ಅಂತ.”

ತ್ರಿಯಂಬಕ ತಲೆ ಎತ್ತಿದ. ತಿಮ್ಮಣ್ಣ ಮತ್ತಿಮರದಿಂದ ಇಳಿಯುತ್ತಿದ್ದ. ಅವನ ಕೈಯಲ್ಲಿ ಹಗ್ಗವಿರಲಿಲ್ಲ.

“ಅಷ್ಟು ಎತ್ತರದಲ್ಲಿ ಕೂತಿದ್ದನಲ್ಲ, ಗುರುಗಳೇ. ನನ್ನ ತಮ್ಮ ಮೇಲೆ ಬರದೇ ಹೋದದ್ದು ಅವನ ಕಣ್ಣಿಗೆ ಬೀಳಲಿಲ್ಲವೇ?”

“ಹೇಗೆ ಬಿದ್ದೀತು?” ಎಂದರು ಗುರುಗಳು. “ಮೊದಲು ಅವನು ನೀರು ಕಾಯುತ್ತಿದ್ದ. ಕಟ್ಟಳೆ ಬಂದ ಮೇಲೆ ನಿನ್ನನ್ನು ಕಾಯುತ್ತಿದ್ದಾನೆ.”