ಕುಂಬಾರ ಶರಬಣ್ಣನ ನಡುರಾತ್ರಿಯ ಎಚ್ಚರ

ಯಾರೂ ಕೂಗುವುದಿಲ್ಲ, ಬಾಗಿಲು ಬಡಿಯುವುದಿಲ್ಲ, ಆದರೂ ನಡುರಾತ್ರಿ ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗುತ್ತದೆ. ಏನದು, ಹೇಳಿ ನೋಡೋಣ? ಜಲಬಾಧೆ ಎಂದವರು ಒಮ್ಮೆ ಎದ್ದು ಹೋಗಿಬನ್ನಿ, ಆಮೇಲೆ ಭಕ್ತಿಯಿಂದ ಕೇಳಿ. ಉತ್ತರ: ಕುಂಬಾರ ಶರಬಣ್ಣನ ಮಡಕೆ ಸುಡುವ ಆವಿಗೆ. ನಿಮಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ, ಬೇಜಾರಾಗಬೇಡಿ.

ಪೂಜ್ಯ ಗುರುಸಿದ್ಧವ್ವ ತಾಯಿಯವರು ಆ ಚಳಿಗಾಲ ಶರಬಣ್ಣನ ಚಪ್ಪರದಲ್ಲೇ ಬೀಡುಬಿಟ್ಟಿದ್ದರು. ಒಂದು ಕಂಬಳಿ, ಒಂದು ಜೋಳಿಗೆ, ಅಷ್ಟೇ ಅವರ ಸಂಸಾರ. ಶರಬಣ್ಣನಿಗೋ ನಿದ್ದೆಯದೇ ಸಂಕಟ. ಮಲಗಿದೊಡನೆ ಕಣ್ಣು ಹತ್ತುತ್ತಿತ್ತು. ನಡುರಾತ್ರಿ ಎದೆ ಧಸಕ್ಕೆಂದು ಎಚ್ಚರವಾಗುತ್ತಿತ್ತು. ಮಡಕೆ ಏನಾದವೋ ಎಂದು ಓಡಿಹೋಗಿ, ಇನ್ನೂ ಆರದ ಆವಿಗೆಯ ಬಾಯಿ ಬಿಚ್ಚಿ ಇಣುಕುವನು. ತಣ್ಣನೆ ಗಾಳಿ ಹೊಕ್ಕು ಮಡಕೆಗಳು ಟಪ್ಪೆಂದು ಸೀಳುವವು. ಸೀಳಿದ್ದನ್ನು ನೆನೆದು ಮುಂದಿನ ಸಲ ಇನ್ನೂ ಬೇಗ ಎಚ್ಚರ. ಅಷ್ಟರಲ್ಲಿ ಗೌಡರ ಮನೆಯ ಮದುವೆ ಬಂತು. ಮದುವೆಯ ಶಾಸ್ತ್ರಕ್ಕೆ ಪೂಜಿಸಿ ಇಡುವ ಐರಾಣಿ ಗಡಿಗೆ ಒಡೆದರೆ ಪಕ್ಕದೂರ ಕುಂಬಾರನನ್ನು ಕರೆಸುತ್ತೇವೆ, ಇನ್ನು ಮೇಲೆ ಊರಿಗೆಲ್ಲ ಅವನೇ, ಎಂದು ಗೌಡರು ಹೇಳಿಕಳಿಸಿದ್ದರು.

"ಗಡಿಗಿನೂ ಅರ್ಧ ಬೆಂದಾವು, ಗಂಡನೂ ಅರ್ಧ ಮಲಗ್ಯಾನ. ನನ್ನ ಹಣೇಬರಾದಾಗ ಪೂರಾ ಅನ್ನೂದ ಇಲ್ಲ ನೋಡ್ರಿ ಯವ್ವಾ," ಎಂದು ಹೆಂಡತಿ ದುಂಡವ್ವ ತಾಯಿಯವರ ಮುಂದೆ ಗೋಳಾಡಿದಳು.

ಶರಬಣ್ಣ ಕಾಲಿಗೆ ಬಿದ್ದ. "ನಿದ್ದಿಗೊಂದು ಮಂತ್ರ ಕೊಡ್ರಿ ಯವ್ವಾ."

"ಮಂತ್ರ ನನಗೂ ಬರೂದಿಲ್ಲೋ ತಮ್ಮಾ. ಇವತ್ತ ನಾ ಆವಿಗಿ ಹಂತೇಲಿ ಮಲಗ್ತೀನಿ," ಎಂದರು ತಾಯಿಯವರು.

ಅಂದೇ ಐರಾಣಿ ಗಡಿಗೆ ಆವಿಗೆಗೆ ಇಟ್ಟು ಬೆಂಕಿ ಹಾಕಿದ್ದ ಶರಬಣ್ಣನಿಗೆ, ತಾಯಿ ಕಾಯುತ್ತಾರೆಂದು ಧೈರ್ಯ ಬಂತು. ಆದರೂ ನಡುರಾತ್ರಿ ಎದೆ ಧಸಕ್! ಓಡಿಬಂದು ನೋಡಿದರೆ ತಾಯಿಯವರು ಆವಿಗೆಯ ಬಾಯಿಗೆ ಅಡ್ಡಲಾಗಿ, ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದಾರೆ. ನಮ್ಮನಿಮ್ಮಂಥವರ ಗೊರಕೆಯಲ್ಲ, ಪುಣ್ಯಾತ್ಮರ ಗೊರಕೆ, ಬೀದಿನಾಯಿಗಳೂ ತೆಪ್ಪಗಾಗಿದ್ದವು.

"ಯವ್ವಾ, ಕಾಯ್ತೀರಿ ಅಂದ್ಕೊಂಡ್ರ ಮಲಗೇಬಿಟ್ಟೀರಲ್ರೀ!"

ತಾಯಿಯವರು ಒಂದೇ ಕಣ್ಣು ತೆರೆದರು. "ಒಳಗಿನ ಕಾವು ತನ್ನ ಕೆಲಸ ತಾ ಮಾಡತೈತಿ. ನಾ ಕಾಯಾಕತ್ತಿದ್ದು ನಿನ್ನ."

ಕಣ್ಣು ಮುಚ್ಚಿತು. ಗೊರಕೆ ಬಿಟ್ಟಲ್ಲಿಂದಲೇ ಮುಂದುವರಿಯಿತು.

ಪೂಜ್ಯರನ್ನು ದಾಟುವುದುಂಟೆ? ಅವರು ಎದ್ದಮೇಲೆ ನೋಡಿದರಾಯಿತೆಂದು ಶರಬಣ್ಣ ಅಲ್ಲೇ ಕುಳಿತ. ಮಾಡಲು ಕೆಲಸವೇ ಇಲ್ಲ. ಎದೆಬಡಿತ ನಿಧಾನವಾಯಿತು, ತಲೆ ಮೊಣಕಾಲಿಗೆ ಬಂತು. ಬಿಸಿಲು ಬೆನ್ನು ಸುಟ್ಟಾಗಲೇ ಎಚ್ಚರ. ತಾಯಿಯವರು ಸರಿದು ದಾರಿ ಬಿಟ್ಟರು. ಆವಿಗೆ ಬಿಚ್ಚಿ, ಐರಾಣಿ ಗಡಿಗೆಯನ್ನು ಬೆರಳಿನಿಂದ ಬಡಿದರೆ ಕಣಕಣ ನಾದ. ಅಂದಿನಿಂದ ಶರಬಣ್ಣ ಬೆಳಗಾಗುವವರೆಗೆ ಮಲಗುವವನಾದ.

ಸತ್ಯ ಹೇಳಿಬಿಡುತ್ತೇನೆ. ಈ ಪ್ರಸಂಗ ನನಗೆ ಹೇಳುತ್ತಿದ್ದ ನನ್ನಜ್ಜಿ, ಶರಬಣ್ಣನ ತಲೆ ಮೊಣಕಾಲಿಗೆ ಬರುವಷ್ಟರಲ್ಲಿ ತಾನೇ ಮಲಗಿಬಿಡುತ್ತಿದ್ದಳು. ಆವಿಗೆ ಬಿಚ್ಚಿದ್ದು, ಗಡಿಗೆ ನಾದ ಮಾಡಿದ್ದು, ಎಲ್ಲ ನಾನೇ ಕಟ್ಟಿದ್ದು. ಮುಂದೇನಾಯಿತೆಂದು ಅವಳನ್ನು ಎಬ್ಬಿಸಿ ಕೇಳಬಹುದಿತ್ತು. ಎಬ್ಬಿಸಲಿಲ್ಲ.